ಹಳೇ ರೊಪ್ಪದ ಜಾಲಿ

…ಅಲ್ಲಾಡಬೇಡ ಅಂದೆ ತಾನೆ! ಕಾಲು ಕೊಟ್ಟ ಮೇಲೆ ಕೊಟ್ಟಂಗಿರ್ಬೇಕು. ಒಳ್ಳೆ ಎಳೆಗರ ಒದ್ದಂಗೆ ಒದೀತೀಯಲ್ಲೋ ಗಾದ್ರ! ನಲವತ್ತರ ಹತ್ರ ಬಂದೆ, ದೇವರೆತ್ತು ಕಾಯೋ ಕಿಲಾರಿ ಅಂತ ಹಟ್ಟಿಯೋರೆಲ್ಲ ನಿಂಗೆ ಕೈ ಮುಗೀತಾರೆ. ಅಕ್ಕನ ಹತ್ರ ಮುಳ್ಳು ತೆಗಿಸ್ಕೊಳಾಕೆ ಮಾತ್ರ ಮೂರು ವರ್ಷದ ಕೂಸು… ಹ್ಞಾಂ, ಅಂಗೆ. ಬಿಗಿ ಹಿಡೀಬೇಡ, ಸಡಿಲ ಬಿಡು. ಈ ಚಿಮಟದ ಮೂತಿ ಬೇರೆ ಸವೆದೋಗೈತೆ. ಪಿನ್ನಲ್ಲೇ ಬಿಡಿಸ್ಬೇಕು.

ಯಾಕೆ ನಗ್ತೀಯಾ? ನಗೋ ಅಂಥಾದ್ದು ಏನೈತೆ ಇಲ್ಲಿ? ಹಿಮ್ಮಡಿ ನೋಡ್ಕೊಂಡಿದೀಯಾ ನೀನು? ಸುತ್ತ ಕಪ್ಪಗಾಗೈತೆ, ಮುಟ್ಟಿದ್ರೆ ಬಿಸಿ. ಚಳ್ಳಕೆರೆ ಡಾಕ್ಟ್ರು ಹೋದ ತಿಂಗಳು ಏನಂದ್ರು? ನನ್ನೆದುರಿಗೇ ಅಂದ್ರು. ರಕ್ತದಾಗೆ ಸಕ್ಕರೆ ಐತೆ, ಇನ್ನೊಂದು ಸಲ ಮುಳ್ಳು ನಟ್ಟು ಕೀವಾದ್ರೆ ಪಾದನೇ ತೆಗೀಬೇಕಾಗ್ತೈತೆ, ಮೊದಲು ಚಪ್ಪಲಿ ಹಾಕ್ಕೋ ಅಂದ್ರು. ನೀನೇನಂದೆ? 'ಹೂಂ ಸಾರ್' ಅಂದೆ! ಹೂಂ ಸಾರ್ ಅಂತೆ ಹೂಂ ಸಾರ್! ಆಚೆ ಬಂದು ಆ ಸುಡೋ ಬಿಸಿಲಾಗೆ ಬಸ್‌ಸ್ಟ್ಯಾಂಡ್ ತುಂಬ ಬರಿಗಾಲಲ್ಲಿ ಓಡಾಡ್ದೆ. ನಾನು ಜೋಡು ತಂದು ಮುಂದಿಟ್ರೆ ಅದ್ರ ಮೇಲೆ ಟವಲ್ ಮುಚ್ಚಿದೆ, ಯಾರಾದ್ರೂ ನಮ್ಮ ಕಡೆಯೋರು ನೋಡ್ಬಿಟ್ಟಾರು ಅಂತ. ಅಗೋ, ಇನ್ನೂ ಅಲ್ಲೇ ಬಿದ್ದೈತೆ, ಮೂಲೇಲಿ. ಧೂಳು ಕುಡೀತಾ.

ಸರಿ ಬಿಡು. ನಿಂಗೆ ಹೇಳೋದೂ ಒಂದೆ, ಆ ಕಲ್ಲಿಗೆ ಹೇಳೋದೂ ಒಂದೆ.

ನಿನ್ನೆ ಆ ಕಾಲೇಜಿನ ಹುಡುಗಿ ಹಿಂದೆ ಹೋಗು ಅಂತ ಯಾರು ಹೇಳಿದ್ರು ನಿಂಗೆ? ಇರಲಾರದೆ ಇರುವೆ ಬಿಟ್ಕೊಂಡ್ರು ಅನ್ನೋದು ಇದಕ್ಕೇ ಇರ್ಬೇಕು. ಏನವಳ ಹೆಸರು… ರಶ್ಮಿತಾ. ಪಾಪ, ಹುಡುಗಿ ಒಳ್ಳೇದೇ, ನಾನು ಇಲ್ಲ ಅನ್ನಲ್ಲ. ಮೂರು ದಿನದಿಂದ ಎತ್ತು ಮೇಯೋ ಕಾವಲಲ್ಲಿ ಹಗ್ಗ ಹಿಡ್ಕೊಂಡು ಅಳೀತಾ, ಗೂಟ ಹೊಡೀತಾ, ಇಲ್ಲಿ ಎಷ್ಟು ಜಾಲಿ ಅಲ್ಲಿ ಎಷ್ಟು ಹುಲ್ಲು ಅಂತ ಬರ್ಕೊಂತಾ ತಿರುಗ್ತಾವ್ಳೆ. ನಮ್ಮನೆ ಮುದ್ದೆನ ನುಂಗಾಕೆ ಬರದೆ ಅಗಿದು ಅಗಿದು ತಿಂದ್ಲು. ನಂಗೇ ನಗು ಬಂತು. ಆದ್ರೆ ತಲೆ ಐತೆ ಆ ಹುಡುಗೀಗೆ. ನಂಗೊಂದು ಮಾತು ಹೇಳಿದ್ಲು, ನೀನು ಆಗ ಎತ್ತಿಗೆ ನೀರು ಕುಡಿಸಾಕೆ ಹೋಗಿದ್ದೆ. 'ಅಜ್ಜಿ, ಹುಲ್ಲು ಇದ್ದಾಗ ಹುಲ್ಲೇ ಹುಲ್ಲನ್ನ ಕಾಯ್ಕೊಳುತ್ತೆ. ಜಾಲಿ ಬಂದ್ಮೇಲೆ ಜಾಲಿನೇ ಜಾಲಿನ ಕಾಯ್ಕೊಳುತ್ತೆ. ನೆಲಕ್ಕೆ ಎರಡು ಥರ ಬಾಳು. ಇದ್ರಿಂದ ಅದಕ್ಕೆ ಉರುಳೋದು ಸುಲಭ, ಅದ್ರಿಂದ ಇದಕ್ಕೆ ವಾಪಸ್ ಬರೋದು ಕಷ್ಟ. ಉರುಳಿಸಿದ್ದನ್ನ ತೆಗೆದುಬಿಟ್ರೂ ಬರಲ್ಲ' ಅಂದ್ಲು. ನಾನು ಅಂದೆ, 'ಇದ್ರಾಗೆ ಏನೈತವ್ವ ಹೊಸದು? ಹೆಪ್ಪು ಹಾಕಿದ ಹಾಲು ತಿರುಗಿ ಹಾಲಾಗ್ತೈತಾ?' ಅಂತ. ಹುಡುಗಿ ಅದನ್ನೂ ಬರ್ಕೊಂಡ್ಲು ನೋಡು!

ಅವಳಿಗೆ ಹೇಳ್ದೆ, ಹೆಂಗಿತ್ತು ಕಾವಲು ಅಂತ. ನೆನಪೈತಾ ನಿಂಗೆ? ಮಳೆ ಬಿದ್ದು ಎರಡು ವಾರಕ್ಕೆ ಮೊಣಕಾಲುದ್ದ ಹುಲ್ಲು. ಕರ ತಪ್ಪಿಸ್ಕೊಂಡ್ರೆ ಹಟ್ಟಿ ದಿಬ್ಬದ ಮೇಲೆ ನಿಂತ್ರೆ ಸಾಕು, ಹರದಾರಿ ದೂರದಾಗೆ ಮೇಯೋದು ಕಾಣ್ಸೋದು. ಜಿಂಕೆ ಹಿಂಡು ನಮ್ಮೆತ್ತಿನ ಜೊತೇಲೇ ಮೇಯ್ತಿದ್ವು. ನೀನು ಬರಿಗಾಲಲ್ಲಿ ಅವುಗಳ ಹಿಂದೆ ಓಡೋನು, ನಾನು ನಿನ್ನ ಹಿಂದೆ ಓಡೋಳು. ಅವ್ವ ದಿಬ್ಬದ ಮೇಲೆ ನಿಂತು ಇಬ್ರಿಗೂ ತೆಲುಗಲ್ಲಿ ಬೈಯೋಳು. ಒಂದು ದಿನ ಒಂದು ಮುಳ್ಳು ತೆಗೆದಿದ್ದು ನೆನಪೈತಾ ನಿಂಗೆ ಆ ವಯಸ್ಸಲ್ಲಿ? ಇಲ್ಲ. ಕಿಲಾರಿ ಮೆಟ್ಟು ಮೆಟ್ಟಬಾರದು ಅನ್ನೋ ಕಟ್ಟಳೆ ಮಾಡಿದೋರು ಅಂಥಾ ನೆಲದ ಮೇಲೆ ನಿಂತು ಮಾಡಿದ್ರು ಕಣೋ! ಇವತ್ತು ಅವರೇ ಎದ್ದು ಬಂದು ಈ ಮುಳ್ಳಿನ ಮೆಳೆ ನೋಡಿದ್ರೆ ಅವರೇ ನಿಂಗೆ ಜೋಡು ಹೊಲಿಸಿ ಕೊಡ್ತಿದ್ರು. ನೆಲ ಬದಲಾಯ್ತು, ಕಟ್ಟಳೆ ಬದಲಾಗ್ಲಿಲ್ಲ. ಮಧ್ಯ ನಿನ್ನ ಪಾದ.

ನೋವಾಯ್ತಾ? ಆಗ್ಲಿ. ಇನ್ನೊಂದು ಚೂರು ಒಳಗೈತೆ.

ಶುರುನಾಗೆ ಎಲ್ರಿಗೂ ಖುಷಿನೇ ಅಲ್ವಾ. ಒಂದು ಗಿಡ, ಎರಡು ಗಿಡ. ಸೌದೆಗೆ ದೂರ ಹೋಗಂಗಿಲ್ಲ, ಮೇಕೆಗೆ ಕಾಯಿ ಸಿಕ್ತೈತೆ, ಬೇಸಿಗೇಲೂ ಹಸಿರು ಅಂತ. ಐದಾರು ವರ್ಷ ಯಾರಿಗೂ ಏನೂ ಅನ್ನಿಸ್ಲಿಲ್ಲ. ಆಮೇಲೆ ಒಂದು ಮಳೆಗಾಲ ಬಂತು ನೋಡು, ಮಳೆನೂ ಚೆನ್ನಾಗಾಯ್ತು, ಹುಲ್ಲು ಮಾತ್ರ ಏಳ್ಲಿಲ್ಲ. ಎಲ್ಲೆಲ್ಲೂ ಅದೇ, ಅದೇ ಬಳ್ಳಾರಿ ಜಾಲಿ. ಹಟ್ಟಿಯೋರೆಲ್ಲ ಸೇರಿ ಒಂದು ತಿಂಗಳು ಕಡಿದ್ರಲ್ಲ? ಮನೆಗೊಬ್ಬರಂತೆ ಕೊಡಲಿ ಹಿಡ್ದು ಹೋಗಿದ್ರು. ನಾನೂ ಹೋಗಿದ್ದೆ, ಅಂಗೈಯೆಲ್ಲ ಬೊಬ್ಬೆ. ಬರೋ ಮಳೆಗೆ ಒಂದು ಬುಡದಾಗೆ ನಾಕು ಕವಲು ಎದ್ದು ನಿಂತ್ವು. ಅವತ್ತು ಬೋರಣ್ಣ ತಲೆ ಮೇಲೆ ಕೈ ಹೊತ್ಕೊಂಡು ಕುಂತ. ಈಗ ನೋಡು ಬೋರಣ್ಣನ್ನ! ಹಟ್ಟಿ ಯಜಮಾನ ಅನ್ನಿಸ್ಕೊಂಡೋನ ಮಕ್ಕಳು ಮೂರೂ ಜನ ಜಾಲಿ ಕಡಿದು ಇದ್ದಿಲು ಸುಡ್ತಾವ್ರೆ. ವಾರಕ್ಕೊಂದು ಲಾರಿ ಬರ್ತೈತೆ. ಮನೇಲಿ ಟೀವಿ ಬಂತು, ಹೆಂಚು ಬಂತು. ಇವತ್ತು ಯಾವನಾದ್ರೂ ಜಾಲಿ ಬುಡಸಮೇತ ಕೀಳ್ತೀನಿ ಅಂತ ಬಂದ್ರೆ ಹಟ್ಟಿಯೋರೇ ದೊಣ್ಣೆ ಹಿಡೀತಾರೆ. ಮನುಷ್ಯರೂ ಅತ್ತ ಕಡೆಗೇ ಉರುಳ್ಬಿಟ್ರು. ನಿನ್ನ ಜೊತೆ ಎತ್ತಿನ ಹಿಂದೆ ಹೋಗ್ತಿದ್ದೋರು ಈಗ ಮಸಿ ಮುಖ ಹೊತ್ಕೊಂಡು ಒಲೆ ಮುಂದೆ ನಿಂತಿರ್ತಾರೆ. ಮುನ್ನೂರು ಇದ್ದ ದೇವರೆತ್ತು ಈಗೆಷ್ಟು? ಹೇಳು, ನೀನೇ ಹೇಳು. ಇಪ್ಪತ್ತೆಂಟು. ಇಪ್ಪತ್ತೆಂಟು ಎತ್ತಿಗೆ ಒಬ್ಬ ಕುಂಟ ಕಿಲಾರಿ.

ಬೇಜಾರ್ ಮಾಡ್ಕೋಬೇಡ. ಬಾಯಿಗೆ ಬಂದಿದ್ದು ಅಂದೆ.

ಅಲ್ಲ, ಆ ಹುಡುಗಿ ಕೇಳಿದ್ಲು, 'ಅಜ್ಜಿ, ಮೊಟ್ಟಮೊದಲು ಜಾಲಿ ಎಲ್ಲಿ ಹುಟ್ತು ಈ ಕಾವಲಲ್ಲಿ?' ಅಂತ. ನಾನು ಹೇಳ್ದೆ ತಾನೆ? ಯಾರಿಗ್ಗೊತ್ತವ್ವ, ಗಾಳಿಗೆ ಬಂತೋ, ಆಂಧ್ರದ ಕಡೆ ಕುರಿಯೋರು ತಂದ್ರೋ, ಸರ್ಕಾರದೋರು ರಸ್ತೆ ಬದಿ ಹಾಕಿದ್ರಲ್ಲ ಅಲ್ಲಿಂದ ಹಬ್ಬಿತೋ ಅಂತ. ಅಲ್ಲಿಗೆ ಮುಗೀತಿತ್ತು ಮಾತು. ನೀನು ಬೀಡಿ ಆರಿಸಿ ಎದ್ದೆ. 'ಬಾ ತಾಯಿ, ತೋರಿಸ್ತೀನಿ' ಅಂದೆ. ನಾನು ಬಾಗಿಲ ತನಕ ಓಡಿ ಬಂದೆ ಕಣೋ. ಎಲ್ಲಿಗೆ ಕರ್ಕೊಂಡೋದೆ ಅವಳನ್ನ? ಹಳೇ ರೊಪ್ಪಕ್ಕೆ! ಎತ್ತು ಕೂಡ್ತಿದ್ದ ಹಳೇ ರೊಪ್ಪಕ್ಕೆ ಹದಿನಾರು ವರ್ಷದಿಂದ ಒಂದು ನರಪಿಳ್ಳೆ ಕಾಲಿಟ್ಟಿಲ್ಲ. ಒಳಗೆ ಕತ್ತಲೆಗಟ್ಟಿದಂಗೆ ಮೆಳೆ. ಅಲ್ಲಿಗೆ ಹೋಗಿ ಈ ಮುಳ್ಳು ತುಳ್ಕೊಂಡು ಬಂದೆ.

ಯಾಕೆ ಅಲ್ಲಿಗೇ ಕರ್ಕೊಂಡೋದೆ? ಮೊದಲ್ನೇದು ಅಲ್ಲೇ ಹುಟ್ತು ಅಂತ ನಿಂಗ್ಯಾರು ಹೇಳಿದ್ರು?

…ಭುಜ ಕುಣಿಸ್ತೀಯಾ. ಆಯ್ತು ಬಿಡು. ಸುಮ್ನೆ ಬಾಯಿಗೆ ಬಂದಿದ್ದು ಅಂದಿರ್ತೀಯ. ನಂಗೂ ವಯಸ್ಸಾಯ್ತು, ಏನೇನೋ ಯೋಚ್ನೆ.

ಬಂತು ನೋಡು! ಇಷ್ಟುದ್ದ ಐತೆ ಮುಳ್ಳು! ಇರು, ಇರು, ಕೀವು ಹಿಂಡ್ಬೇಕು. ಅಯ್ಯೋ ಶಿವನೇ… ಇದೇನೋ ಇದು, ಇಷ್ಟು ಹಿಂಡಿದ್ರೂ ನಿಂಗೆ ಗೊತ್ತೇ ಆಗ್ಲಿಲ್ವಾ? ಹೆಬ್ಬೆರಳು ಮುಟ್ತಿದೀನಿ, ಗೊತ್ತಾಗ್ತೈತಾ? ಇಲ್ಲಿ? ಇಲ್ಲಿ?

…ಗಾದ್ರ, ನನ್ನ ಮಾತು ಕೇಳೋ. ಜೋಡು ಹಾಕ್ಕೋ. ನಿನ್ನ ದಮ್ಮಯ್ಯ ಅಂತೀನಿ. ನಾನು ನಿನಗಿಂತ ಹತ್ತು ವರ್ಷ ದೊಡ್ಡೋಳು. ಅವ್ವ ಸತ್ತಾಗ ನಿಂಗೆ ಏಳು. ಈ ಪಾದ ನಾನು ತೊಳೆದು ಬೆಳೆಸಿದ ಪಾದ. ಇದನ್ನ ಕೊಯ್ದು ಹಾಕಾಕೆ ನಾನು ಬಿಡಲ್ಲ.

'ದೇವರಿಗೆ ಕೊಟ್ಟ ಮಾತು' ಅಂತೀಯ. ಗೊತ್ತು. ಮುಖ ನೋಡಿದ್ರೇ ಗೊತ್ತು, ಬಾಯಿ ಬಿಟ್ಟು ಹೇಳ್ಬೇಡ. ಮಾತು ಯಾವಾಗ ಕೊಟ್ಟೆ? ಯಾಕೆ ಕೊಟ್ಟೆ? ಕಾಮಾಲೆ ವರ್ಷ. ನಿಂಗಾಗ ಇಪ್ಪತ್ತೆರಡು. ಹುಲ್ಲಿಲ್ಲದ ಬೇಸಿಗೆ, ನಡೆಯೋ ಎತ್ತನ್ನೆಲ್ಲ ಬೇರೆ ಕಾವಲಿಗೆ ಹೊಡೆದಿದ್ರು, ಮೇಲೇಳಾಕಾಗದ ಹತ್ತು ಹನ್ನೆರಡು ಮಾತ್ರ ರೊಪ್ಪದಾಗೇ ಬಿದ್ದಿದ್ವು. ನೀನು ಅರಿಶಿಣದ ಕೊಂಬಾಗಿದ್ದೆ. ಗಾಡಿಗೆ ಹಾಕ್ಕೊಂಡು ನನ್ನಿವಾಳದ ಮಾವನ ಮನೆಗೆ ಬಿಟ್ವಿ, ಅಲ್ಲಿ ಬೇರಿನ ಔಷಧಿ ಕೊಡ್ತಾರೆ ಅಂತ. ಇಪ್ಪತ್ತು ದಿನ. ಇಲ್ಲಿ ಎತ್ತಿಗೆ ಉಳಿದೋನು ಒಬ್ನೇ, ಮುದುಕ ಸಣ್ಣತಿಮ್ಮಪ್ಪ. ಕಣ್ಣು ಕಾಣ್ತಿರ್ಲಿಲ್ಲ, ಕೈ ನಡುಗೋದು. ನೀನು ವಾಪಸ್ ಬರೋವೊತ್ತಿಗೆ ಎಲ್ಲ ಸತ್ತಿರ್ತಾವೆ ಅಂತ ಹಟ್ಟಿಯೋರು ಅನ್ಕೊಂಡಿದ್ರು. ಬಂದು ನೋಡಿದ್ರೆ ಒಂದೂ ಸತ್ತಿರ್ಲಿಲ್ಲ! ಎದ್ದು ನಿಂತಿದ್ವು. ನೀನು ರೊಪ್ಪದಿಂದ ಆಚೆ ಬಂದು ಬೋರಣ್ಣನ ಮುಂದೆ, ಹಿರೇರೆಲ್ಲರ ಮುಂದೆ, 'ದೇವರೇ ಕಾದ' ಅಂದೆ. ಬೋರಣ್ಣ ಅಂದ, 'ಹಂಗಾರೆ ನೀನು ಅವನೋನು, ಸಾಯೋ ತನಕ ಮೆಟ್ಟು, ಲಗ್ನ, ಸಂಸಾರ ನಿಂಗಿಲ್ಲ.' ನೀನು ಹೂಂ ಅಂದೆ. ಅಷ್ಟೇ. ಒಂದು ಹೂಂ.

ಪಾತಮ್ಮ… ಹೆಸರೆತ್ತಬೇಡ ಅಂತೀಯಾ? ಎತ್ತೇ ಎತ್ತೀನಿ. ಬರೋ ತಿಂಗಳು ಲಗ್ನ ಇತ್ತು. ಮೊಳಕಾಲ್ಮೂರಲ್ಲಿ ಮಗ್ಗದ ಮನೇಲೇ ಕುಂತು ಸೀರೆ ಆರಿಸಿದ್ದೆ ನಾನು, ಹಸಿರು ಒಡಲು, ಕೆಂಪು ಅಂಚು. ಆ ಹುಡುಗಿ ಎರಡು ವರ್ಷ ಕಾದ್ಲು ಕಣೋ ನಿಂಗೋಸ್ಕರ. ಮನಸ್ಸು ಬದಲಾಯಿಸ್ತಾನೆ ಅಕ್ಕ ಅಂತ ನಂಗೆ ಹೇಳಿ ಕಳ್ಸೋಳು. ಆಮೇಲೆ ಎಲ್ಲೋ ಕೊಟ್ರು. ಮೊನ್ನೆ ಸಂತೇಲಿ ಸಿಕ್ಕಿದ್ಲು. ಕಡೇ ಕೂಸು ಎತ್ಕೊಂಡಿದ್ಲು. ನಿನ್ನ ಹೆಸರು ಕೇಳಿ ಸೆರಗಲ್ಲಿ ಮುಖ ಒರೆಸ್ಕೊಂಡ್ಲು.

ನಾನು ನಿಂಗೊಂದು ಮಾತು ಹೇಳ್ಬೇಕು. ಏಳ್ಬೇಡ, ಕುಂತ್ಕೋ. ಕಾಲು ಬಿಡಲ್ಲ ನಾನು.

ದೇವರು ಕಾಯ್ಲಿಲ್ಲ ಕಣೋ. ನಾನು ಕಾದೆ.

ನೀನು ಗಾಡಿ ಹತ್ತೋವಾಗ ಜ್ವರದಾಗೆ ನನ್ನ ಕೈ ಹಿಡ್ಕೊಂಡು ಏನಂದೆ ಗೊತ್ತಾ? 'ಅಕ್ಕಾ, ಎತ್ತು ನೋಡ್ಕೋ' ಅಂದೆ. ನಿಂಗೆ ಜ್ಞಾನ ಇತ್ತೋ ಇಲ್ವೋ. ನಂಗೆ ಅದೇ ಕಿವೀಲಿ. ನೋಡ್ಕೋ ಅಂದ್ರೆ ಹೆಂಗೆ ನೋಡ್ಲಿ? ಹೆಂಗಸರು ದೇವರೆತ್ತಿನ ರೊಪ್ಪ ಮೆಟ್ಟಂಗಿಲ್ಲ. ಅದೂ ನಾನು ಗಂಡ ಸತ್ತು ಎರಡು ಮಕ್ಕಳು ಕಟ್ಕೊಂಡು ತೌರಿಗೆ ಬಂದೋಳು. ಕಾವಲ ಹುಲ್ಲು ಬಿಟ್ಟು ಬೇರೇದು ಆ ಎತ್ತಿನ ಬಾಯಿಗೆ ಇಡಂಗಿಲ್ಲ. ಗೊತ್ತಿತ್ತು, ಎಲ್ಲಾ ಗೊತ್ತಿತ್ತು. ಮೂರು ದಿನ ದೂರದಿಂದ ನೋಡ್ದೆ. ನಾಕನೇ ದಿನ ಆ ಬಿಳಿ ಹೋರಿ ಮಣ್ಣು ನೆಕ್ತಿತ್ತು. ಮಣ್ಣು ಕಣೋ! ತಡೀಲಿಲ್ಲ ಕರುಳು.

ಮೊಳಕಾಲ್ಮೂರು ರಸ್ತೆಯಾಗೆ ಸರ್ಕಾರದೋರು ಹಾಕಿದ್ರಲ್ಲ ಆ ಜಾಲಿ ಸಾಲು, ಅಲ್ಲಿ ಹಣ್ಣಾದ ಕಾಯಿ ಹಾಸಿಗೆ ಹಾಸಿದಂಗೆ ಬಿದ್ದಿರೋವು. ಬೆಲ್ಲದಂಗೆ ಸಿಹಿ. ಮೇಕೆ ತಿಂತಾವಲ್ಲ, ಎತ್ತೂ ತಿಂದಾವು ಅಂತ ಗೋಣಿಗೆ ತುಂಬ್ದೆ. ಮಟಮಟ ಮಧ್ಯಾಹ್ನ, ಮುದುಕ ಹೊಂಗೆ ಮರದಡಿ ನಿದ್ದೆ ಹೋಗಿರೋನು, ಹಟ್ಟಿಯೋರೆಲ್ಲ ಒಳಗೆ. ಬೇಲಿ ಸಂದೀಲಿ ನುಗ್ಗಿ ಒಂದೊಂದರ ಬಾಯಿ ಮುಂದೆ ಸುರೀತಿದ್ದೆ. ಹದಿನೇಳು ದಿನ. ಅವು ನನ್ನ ಮುಖ ನೋಡ್ತಾ ತಿಂತಿದ್ವು. ದೇವರು ಇಲ್ಲೇ ಸೀಳಿ ಹಾಕ್ತಾನೆ ಅನ್ಕೊಂಡೇ ಸುರೀತಿದ್ದೆ. ಏನೂ ಆಗ್ಲಿಲ್ಲ. ಎತ್ತು ಎದ್ವು. ನಾನು ಗೆದ್ದೆ ಅನ್ಕೊಂಡೆ.

ತಿಂದ ಬೀಜ ಹೊಟ್ಟೇಲಿ ಸಾಯಲ್ಲ ಅಂತ ನಂಗೇನು ಗೊತ್ತು? ಮಳೆ ಬಂತು. ವರ್ಷದ ಪದ್ಧತಿಯಂಗೆ ರೊಪ್ಪ ಬದಲಾಯಿಸಿದ್ರಿ. ಬಿಟ್ಟ ರೊಪ್ಪದ ಮಣ್ಣು ಮುಟ್ಟಬಾರದು, ಅಲ್ಲಿ ಎದ್ದ ಹಸಿರು ಚಿವುಟಬಾರದು, ದೇವರ ಸಗಣಿ ಬಿದ್ದ ಜಾಗ. ಬೇರೆ ಎಲ್ಲಿ ಹುಟ್ಟಿದ್ರೂ ಮೇಕೆನೋ ಮನುಷ್ಯನೋ ಮುರೀತಿದ್ರು. ಅಲ್ಲಿ ಮುರಿಯೋರ್ಯಾರು? ನಾನು ಬೇಲಿ ಆಚೆ ನಿಂತು ನೋಡ್ದೆ. ಸಗಣಿ ಬಿದ್ದ ಕಡೆಯೆಲ್ಲ ಬೆರಳುದ್ದದ ಸಸಿ. ಎರಡು ಬೆರಳಲ್ಲಿ ಕೀಳ್ಬೋದಿತ್ತು ಅವತ್ತು! ಒಂದು ದಿನದ ಕೆಲ್ಸ. ಒಳಗೆ ಹೋದ್ರೆ ಯಾರಾದ್ರೂ ನೋಡ್ತಾರೆ, ಯಾಕೆ ಕೀಳ್ತೀಯ ಅಂತ ಕೇಳ್ತಾರೆ ಅಂತ ಕೀಳ್ಲಿಲ್ಲ. ನೆಂಟ್ರು ಬಂದ್ರೆ ಬೇಲಿ ಆಚೆಯಿಂದಲೇ ಕೈ ಚಾಚಿ ಅಂಚಿನ ಸಸಿಗೆ ಕುಂಕುಮ ಹಚ್ಚೋರು, ಎತ್ತು ಉಳಿಸಿದ ದೇವರ ಗಿಡ ಅಂತ. ನಾನೂ ಹಚ್ದೆ. ಥೂ ನನ್ನ ಬಾಳಿಗಿಷ್ಟು! ನಾನೂ ಕೈ ಮುಗಿದು ಹಚ್ದೆ.

ಅಲ್ಲಿಂದ ಕಾಯಿ ಬಿಡ್ತು, ಮೇಕೆ ಬೇಲಿ ಮುರಿದು ತಿಂದ್ವು, ಕಾವಲಿಗೆಲ್ಲ ಹಾಕಿದ್ವು. ಮುಂದಿನದ್ದು ನೀನೇ ತುಳೀತಿದೀಯ.

ಅದಕ್ಕೇ ಹೇಳ್ತಿರೋದು. ನೀನು ಮಾತು ಕೊಟ್ಟಿದ್ದು ಪವಾಡಕ್ಕೆ. ಪವಾಡ ಆಗ್ಲೇ ಇಲ್ಲ. ನಿನ್ನ ಅಕ್ಕ, ಮುಂಡೆ, ಗೋಣಿ ಹೊತ್ಲು, ಅಷ್ಟೇ. ಇಲ್ಲದ ಪವಾಡಕ್ಕೆ ಕೊಟ್ಟ ಮಾತು ಮಾತಾಗ್ತೈತಾ? ನಾಳೆ ಬೆಳಿಗ್ಗೆ ಬೋರಣ್ಣನ ಹತ್ರ ನಾನೇ ಹೋಗ್ತೀನಿ. ನಾನೇ ಹೇಳ್ತೀನಿ. ದಂಡ ಹಾಕ್ಲಿ, ಹೊರಗಾಕ್ಲಿ, ಮಕ್ಕಳು ದೊಡ್ಡೋರಾದ್ರು, ನಂಗಿನ್ನೇನು. ನೀನು ಹರಕೆ ಬಿಡು. ಜೋಡು ಮೆಟ್ಟು, ಚಳ್ಳಕೆರೆ ಆಸ್ಪತ್ರೇಲಿ ಮಲ್ಕೋ, ಪಾದ ಉಳಿಸ್ಕೋ. ಸಾಕು ನಂಗೆ.

ಕೇಳ್ತಾ?

ಗಾದ್ರ… ಕೇಳ್ತಾ ನಾನು ಹೇಳಿದ್ದು?

ಯಾಕೋ ಹಂಗೆ ನೋಡ್ತೀಯ? ಬೈ. ಎದ್ದು ಒದಿ ಬೇಕಾದ್ರೆ. ಹದಿನಾರು ವರ್ಷದ ಮೋಸ ಹೇಳಿದೀನಿ, ನಿನ್ನ ಹೆಂಡ್ತಿ ಮಕ್ಕಳನ್ನ ಹುಟ್ಟೋಕೆ ಮುಂಚೆನೇ ತಿಂದೋಳು ನಾನು ಅಂದಿದೀನಿ! ಬೆಚ್ಚಿ ಬೀಳ್ಬೇಕಲ್ಲ ನೀನು? 'ಏನಂದೆ' ಅಂತನಾದ್ರೂ ಕೇಳ್ಬೇಕಲ್ಲ? ಇದೇನಿದು, ಸಂತೆ ಸುದ್ದಿ ಕೇಳ್ದಂಗೆ ಸುಮ್ನೆ ಕುಂತಿದೀಯ. ನನ್ನ ಕಣ್ಣು ಒರೆಸ್ತಿದೀಯ…

ಇರು.

ಇರು ಇರು. ಕೈ ತೆಗಿ. ನಿನ್ನೆ ಆ ಹುಡುಗೀನ ನೆಟ್ಟಗೆ ಹಳೇ ರೊಪ್ಪಕ್ಕೇ ಕರ್ಕೊಂಡೋದೆ.

…ಅವತ್ತು ನನ್ನಿವಾಳದಿಂದ ಬಂದೋನು, ಹಿರೇರನ್ನೆಲ್ಲ ಆಚೆ ನಿಲ್ಸಿ, ರೊಪ್ಪದಾಗೆ ಒಬ್ನೇ ಕುಕ್ಕರಗಾಲಲ್ಲಿ ಕುಂತಿದ್ದೆ. ತುಂಬ ಹೊತ್ತು ಕುಂತಿದ್ದೆ. ನಾನು ದೇವರನ್ನ ನೆನೀತಾವ್ನೆ ಅನ್ಕೊಂಡಿದ್ದೆ. ನೀನು ಕಿಲಾರಿ ಕಣೋ… ಕಿಲಾರಿಗೆ ಸಗಣಿ ನೋಡಿದ್ರೆ ಎತ್ತು ಏನು ತಿಂದೈತೆ ಅಂತ ಗೊತ್ತಾಗಲ್ವಾ? ಸಗಣಿ ತುಂಬ ಜಾಲಿ ಬೀಜ ಇದ್ದಿದ್ದು ನಿನ್ನ ಕಣ್ಣಿಗೆ ಬೀಳದೆ ಇರ್ತೈತಾ? 'ಎತ್ತು ನೋಡ್ಕೋ' ಅಂದಿದ್ದು… ಜ್ಞಾನ ಇತ್ತಾ ನಿಂಗೆ?

ಗೊತ್ತಿತ್ತಾ?

ಅವತ್ತೇ ಗೊತ್ತಿತ್ತಾ ನಿಂಗೆ?

ತಲೆ ತಗ್ಗಿಸ್ಬೇಡ. ನನ್ನ ಮುಖ ನೋಡು. ಬೋರಣ್ಣ ಬಾಗಿಲಾಗೆ ನಿಂತು 'ಯಾರು ಹಾಕಿದ್ರು ಮೇವು' ಅಂತ ಕೇಳೋಕೆ ಬಾಯಿ ತೆಗೆದಿದ್ದ. ಅದಕ್ಕೆ ಮುಂಚೆನೇ ನೀನು ಕೂಗಿದ್ದೆ, ದೇವರೇ ಕಾದ ಅಂತ. ನನ್ನ ಹೊರಗಾಕ್ತಿದ್ರು. ಎರಡು ಮಕ್ಕಳ ಸಮೇತ, ನೀರೂ ಕೊಡದಂಗೆ. ಅದನ್ನ ನೆನೆದು ಕೂಗ್ದೆಯಾ? ಲಗ್ನ ಬಿಡು ಅಂದಾಗ ಹೂಂ ಅಂದಿದ್ದೂ ಅದಕ್ಕೇನಾ? ನಾನು ಮುರಿದ ಕಟ್ಟಳೆಗೆ ನಿನ್ನನ್ನೇ ದಂಡ ಕಟ್ದೆಯಾ? ಅಯ್ಯೋ… ಅಯ್ಯೋ ನನ್ನಪ್ಪನೇ…

ಹದಿನಾರು ವರ್ಷ ನನ್ನ ಕೈಲಿ ಮುದ್ದೆ ಉಂಡು, ನನ್ನ ಕೈಲಿ ಮುಳ್ಳು ತೆಗಿಸ್ಕೊಂಡು, ಒಂದು ದಿನ, ಒಂದೇ ಒಂದು ದಿನ ಹೇಳ್ಲಿಲ್ಲವಲ್ಲೋ. ಪಾತಮ್ಮಂಗೂ ಹೇಳ್ಲಿಲ್ಲ. ನಾನು ಹೊರಗೆ ಬಿದ್ರೆ ಎಲ್ಲಾದ್ರೂ ಕೂಲಿ ಮಾಡಿ ಬದುಕ್ತಿದ್ದೆ ಕಣೋ! ನೀನು ಮನೆ ಕಟ್ತಿದ್ದೆ. ನಿನ್ನ ಮಕ್ಕಳು ನನ್ನ ಅತ್ತೆ ಅಂತಿದ್ವು.

ಈ ಒಂದು ಮಾತನ್ನ ಹೊಟ್ಟೇಲಿ ಇಟ್ಕೊಂಡು ನಾನು ಧೈರ್ಯವಾಗಿದ್ದೆ. ಯಾವತ್ತಾದ್ರೂ ತೀರಾ ಕಷ್ಟ ಬಂದ್ರೆ ಬಾಯಿ ಬಿಡ್ತೀನಿ, ನನ್ನ ಮಾನ ಹೋದ್ರೂ ತಮ್ಮ ಬಿಡುಗಡೆ ಆಗ್ತಾನೆ ಅಂತ. ಇವತ್ತು ಬಾಯಿ ಬಿಟ್ಟೆ. ನೀನು ಇದ್ದಲ್ಲೇ ಇದೀಯ. ದೇವರಿಗೆ ಕಟ್ಟು ಬಿದ್ದಿದ್ರೆ ದೇವರ ಕೈಕಾಲು ಹಿಡೀತಿದ್ದೆ. ನೀನು ಕಟ್ಟು ಬಿದ್ದಿರೋದು ನಂಗೆ. ನಾನು ಯಾರ ಕಾಲು ಹಿಡೀಲೋ?

ಸುಮ್ನಿರ್ಬೇಡ ಗಾದ್ರಾ… ಬೈಯೋ. ನಿಂಗೆ ಕೈ ಮುಗೀತೀನಿ, ಒಂದು ಸಲ ಬಾಯಿ ತುಂಬ ಬೈಯೋ ನನ್ನ.